ವಾದವೂ ಕಥೆಯೂ: ಬಾಸೆಲ್ ಮಿಶನ್ನಿನ ಎರಡು ಕನ್ನಡ ಕೃತಿಗಳು

1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರು ಸಂದೇಹಿಗಳೊಡನೆ ವಾದಕ್ಕೆ ಹಿಂಜರಿದವರಲ್ಲ. (ಅವರ ಕೇಂದ್ರವಾಗಿದ್ದ ಬೆಟಗೇರಿಯು ಗದಗಿನ ನೆರೆಯದು, ನಮ್ಮ ಉಪ್ಪಿನಬೆಟಗೇರಿಯಲ್ಲ, ವಿದ್ಯಾರ್ಥಿಗಳು ಇಲ್ಲಿ ತಪ್ಪಬಾರದು.) ಹರ್ಮನ್ ಮೋಗ್ಲಿಂಗರ 'ಈರಾರು ಪತ್ರಗಳು' ಹಿಂದೂ ಮತದ ಖಂಡನೆಗೆ ಹೊರಟ ಕೃತಿ. ಅದರ ಗದ್ಯದ ಕಸುವನ್ನು ಮೆಚ್ಚುವ ನಾವು ಅದರ ತರ್ಕಕ್ಕೆ ತಲೆದೂಗಲಾರೆವು. ಪರರ ಪುರಾಣವನ್ನು ಯುಕ್ತಿಯ ಕೋಲಿನಿಂದ ಅಳೆದವನು ತನ್ನ ಶಾಸ್ತ್ರವನ್ನೂ ಅದರಿಂದಲೇ ಅಳೆಯಬೇಕಷ್ಟೆ. ಕ್ರಿಸ್ತನ ಪುನರುತ್ಥಾನವು ಆ ಅಳತೆಗೆ ದಕ್ಕುವಂಥದಲ್ಲ. ಅಲ್ಲಿ ವಾದವು ನಿಂತು ಸಾಕ್ಷ್ಯವು ತೊಡಗುತ್ತದೆ. ಸಾಕ್ಷ್ಯವನ್ನು ಸಿದ್ಧಾಂತವೆಂದು ಸಾಧಿಸಹೊರಟರೆ ಸಂದೇಹಿಯು ನಗುವುದು ನ್ಯಾಯವೇ.

ಫರ್ಡಿನಾಂಡ್ ಕಿಟ್ಟೆಲರ 'ಕಥಾಮಾಲೆ'ಯ (1862) ಮಾರ್ಗವೇ ಬೇರೆ. ಅವರು ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದರು. ಅದನ್ನು ನಂಬದವನೂ ಕಡೆಯವರೆಗೆ ಕೇಳಬಲ್ಲನು. ಹಾಗೆ ಕೇಳಿದವನು ಒಪ್ಪಿದನೆಂದೇನೂ ಅಲ್ಲ. ಆದರೆ ಎದ್ದುಹೋಗಲು ಅವನಿಗೆ ಕಾರಣವಿರಲಿಲ್ಲ.