ಪೆಟ್ಟಿಗೆಯ ಮೇಲಿನ ಅಂಕಿ, ಪರದೆಯ ಮೇಲಿನ ಒತ್ತಕ್ಷರ

ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಯೊಳಗೆ ಟ್ಯಾಬ್ಲೆಟ್ ಕೊಳ್ಳಲು ಹೊರಟವರ ಮುಂದೆ ಅಂಗಡಿಯವನು ಸುರಿಯುವುದು ಬರೀ ಅಂಕಿಗಳನ್ನು. 8000 ಎಂಎಎಚ್ ಬ್ಯಾಟರಿ, 90 ಹರ್ಟ್ಸ್ ಪರದೆ, ಎಂಟು ಕೋರ್, ನಾಲ್ಕು ಸ್ಪೀಕರ್. ಯಾವುದೂ ಸುಳ್ಳಲ್ಲ. ಆದರೆ ಮೂರನೆಯ ವರ್ಷವೂ ಆ ಯಂತ್ರ ಕೈಯಲ್ಲಿರುತ್ತದೋ ಅಟ್ಟ ಸೇರುತ್ತದೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತವೆ, ಇಲ್ಲವೇ ಇರುವುದೇ ಇಲ್ಲ.

ಬೆಲೆಯನ್ನು ಮೊದಲು ಗೊತ್ತುಮಾಡಿ, ಯಂತ್ರವನ್ನು ಆಮೇಲೆ ಅದರೊಳಗೆ ತುರುಕಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2011ರ ಅಕ್ಟೋಬರ್‌ನಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ಬಿಡುಗಡೆ ಮಾಡಿದ ‘ಆಕಾಶ್’ ಅದು. ಡೇಟಾವಿಂಡ್ ಕಂಪನಿಯ ಆ 7 ಇಂಚಿನ ಟ್ಯಾಬ್ಲೆಟ್‌ನಲ್ಲಿ 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್ ಇತ್ತು. ಪರದೆ ರೆಸಿಸ್ಟಿವ್, ಬೆರಳು ಸೋಕಿದರೆ ಸಾಲದು, ಒತ್ತಬೇಕು. ಮರುವರ್ಷವೇ ಬಂದ ಆಕಾಶ್-2ರಲ್ಲಿ ಪರದೆ, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಾಯಿಸಬೇಕಾಯಿತು. ಮೊದಲನೆಯದರ ಬಗ್ಗೆ ಇದಕ್ಕಿಂತ ಕಟುವಾದ ವಿಮರ್ಶೆಯನ್ನು ಯಾರೂ ಬರೆಯಬೇಕಿರಲಿಲ್ಲ. ಹಳ್ಳಿಯ ವಿದ್ಯಾರ್ಥಿಯ ಕೈಗೆ ಕಂಪ್ಯೂಟರ್ ಕೊಡಬೇಕೆಂಬ ಆಸೆ ದೊಡ್ಡದೇ. ಆದರೆ ಓದಲು ಕೂತವನ ತಾಳ್ಮೆಗೂ ಒಂದು ಬೆಲೆಯಿದೆ ಎಂಬುದು ಆ ಲೆಕ್ಕದೊಳಗೆ ಬಂದಂತಿರಲಿಲ್ಲ.

2012ರ ಗೂಗಲ್ ನೆಕ್ಸಸ್ 7 ಕಲಿಸಿದ ಪಾಠ ಬೇರೆಯದು. ಏಸಸ್ ತಯಾರಿಸಿದ, 199 ಡಾಲರ್‌ನ ಈ ಟ್ಯಾಬ್ಲೆಟ್ ಹೊಸದರಲ್ಲಿ ಚುರುಕಾಗಿತ್ತು, ಎಲ್ಲರೂ ಹೊಗಳಿದರು. ಬಳಸುತ್ತಾ ಹೋದಂತೆ ಸ್ಟೋರೇಜ್ ಚಿಪ್ ನಿಧಾನವಾಯಿತು. 2014ರ ಕೊನೆಗೆ ಬಂದ ಆಂಡ್ರಾಯ್ಡ್ 5.0 ಹಾಕಿಕೊಂಡ ಮೇಲೆ ಹಲವರ ಟ್ಯಾಬ್ಲೆಟ್ ತೆವಳತೊಡಗಿತು. ಪ್ರೊಸೆಸರ್ ಅದೇ, ಪರದೆ ಅದೇ, ಮುದಿಯಾಗಿದ್ದು ಸ್ಟೋರೇಜ್. ಇವತ್ತಿಗೂ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಹೆಚ್ಚಿನವು ಬಳಸುವುದು ಇಎಂಎಂಸಿ ಎಂಬ ಹಳೆಯ ಬಗೆಯ ಸ್ಟೋರೇಜನ್ನೇ. ಅದಕ್ಕಿಂತ ವೇಗದ ಯುಎಫ್ಎಸ್ ಇದ್ದರೆ ಕಂಪನಿ ಅದನ್ನು ದೊಡ್ಡದಾಗಿ ಬರೆದುಕೊಳ್ಳುತ್ತದೆ. ಏನೂ ಬರೆದಿಲ್ಲವೆಂದರೆ ಇಎಂಎಂಸಿ ಎಂದೇ ತಿಳಿಯುವುದು ಕ್ಷೇಮ.

‘4 ಜಿಬಿ ಜೊತೆಗೆ ಇನ್ನೂ 4 ಜಿಬಿ ರ‍್ಯಾಮ್’ ಎಂಬ ಜಾಹೀರಾತನ್ನೂ ಇಲ್ಲೇ ಬಿಡಿಸಿ ನೋಡಬಹುದು. ಆ ಎರಡನೆಯ 4 ಜಿಬಿ ರ‍್ಯಾಮೇ ಅಲ್ಲ. ನಿಧಾನಗತಿಯ ಅದೇ ಸ್ಟೋರೇಜ್‌ನಲ್ಲಿ ಒಂದು ಮೂಲೆಯನ್ನು ಕೆರೆದು ರ‍್ಯಾಮ್ ಎಂದು ಕರೆದಿರುತ್ತಾರೆ. 4 ಜಿಬಿ ಮಾದರಿ ಬಿಟ್ಟು 6 ಅಥವಾ 8 ಜಿಬಿಯದನ್ನು ಕೊಂಡರೆ ಹೆಚ್ಚಾಗುವ ಒಂದೆರಡು ಸಾವಿರ ರೂಪಾಯಿ ಈ ದರ್ಜೆಯಲ್ಲಿ ಅತ್ಯಂತ ಸಾರ್ಥಕ ಖರ್ಚು. ಕವರ್, ಪೆನ್ನು, ಕೀಬೋರ್ಡು ಆಮೇಲೆ ಬರಲಿ.

ಪರದೆಯ ವಿಷಯದಲ್ಲಿ ನನ್ನ ತಕರಾರು ಟ್ಯಾಬ್ಲೆಟ್ ವಿಮರ್ಶಕರ ಮೇಲೂ ಇದೆ. ಅವರು ಸಿನಿಮಾ ಹಾಕಿಕೊಂಡು ಪರದೆ ಅಳೆಯುತ್ತಾರೆ. ನಮ್ಮಲ್ಲಿ ಟ್ಯಾಬ್ಲೆಟ್ ಮನೆಗೆ ಬರುವುದೇ ಮಕ್ಕಳ ಓದಿನ ನೆಪದಲ್ಲಿ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ಹೊರಟಿದ್ದೂ ಅದಕ್ಕೇ. ಓದು ಎಂದರೆ ಪಿಡಿಎಫ್: ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಮೇಷ್ಟ್ರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೋಟ್ಸು. ಪಿಡಿಎಫ್ ಪುಟವನ್ನು ಅಚ್ಚಾದಂತೆಯೇ ತೋರಿಸುತ್ತದೆ, ಪರದೆಗೆ ತಕ್ಕಂತೆ ಸಾಲುಗಳನ್ನು ಮುರಿದು ಜೋಡಿಸುವುದಿಲ್ಲ. ಪರದೆ ಕಿರಿದಾದರೆ ಅಕ್ಷರವೂ ಕಿರಿದಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9ರ ಪರದೆ 8.7 ಇಂಚು, 1340ಕ್ಕೆ 800 ಪಿಕ್ಸೆಲ್. ಪುಸ್ತಕದಂತೆ ನಿಲ್ಲಿಸಿ ಹಿಡಿದರೆ ಅಗಲ ಸುಮಾರು ನಾಲ್ಕೂವರೆ ಇಂಚು. ಎ4 ಹಾಳೆಯ ಅಗಲ 8.27 ಇಂಚು. ಅಂದರೆ ಪುಟ ಅರ್ಧಕ್ಕಿಂತ ತುಸು ಹೆಚ್ಚಿನಷ್ಟಕ್ಕೆ ಕುಗ್ಗುತ್ತದೆ, 12 ಪಾಯಿಂಟ್ ಅಕ್ಷರ ಆರೂವರೆ ಪಾಯಿಂಟ್ ಆಗುತ್ತದೆ, ಹಾಳೆಯ ಒಂದಿಂಚಿನಲ್ಲಿರುವುದನ್ನು ತೋರಿಸಲು 97 ಪಿಕ್ಸೆಲ್‌ಗಳಷ್ಟೇ ಸಿಗುತ್ತವೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಕನ್ನಡಕ್ಕೆ ಕಷ್ಟ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬಂದಲ್ಲಿ ಒತ್ತಕ್ಷರಗಳು ಮಸಿಯ ಚುಕ್ಕೆಯಾಗುತ್ತವೆ. ಓದುವವನು ಅವನ್ನು ಕಾಣುವುದಿಲ್ಲ, ಊಹಿಸುತ್ತಾನೆ. ಹಿಗ್ಗಿಸಿ ಓದಬಹುದಲ್ಲ ಎನ್ನುವಿರಿ. ಪ್ರತಿ ಸಾಲಿಗೂ ಎಡಬಲ ಜರುಗಿಸುತ್ತಾ ಒಂದು ಅಧ್ಯಾಯ ಮುಗಿಸಿ ನೋಡಿ.

ಶಿಯೋಮಿಯ ರೆಡ್ಮಿ ಪ್ಯಾಡ್ ಎಸ್ಇ, ಸ್ಯಾಮ್‌ಸಂಗ್‌ನ ಟ್ಯಾಬ್ ಎ9 ಪ್ಲಸ್ ಎರಡರದ್ದೂ 11 ಇಂಚು, 1920ಕ್ಕೆ 1200 ಪಿಕ್ಸೆಲ್. ಇವುಗಳಲ್ಲಿ ಅದೇ 12 ಪಾಯಿಂಟ್ ಎಂಟೂವರೆಯಾಗಿ ಉಳಿಯುತ್ತದೆ, ಇಂಚಿಗೆ 145 ಪಿಕ್ಸೆಲ್ ದಕ್ಕುತ್ತದೆ. 2025ರಲ್ಲಿ ಬಂದ ರೆಡ್ಮಿ ಪ್ಯಾಡ್ 2ರ ಪರದೆಯೂ 11 ಇಂಚು, ಆದರೆ 2560ಕ್ಕೆ 1600; ಅಲ್ಲಿಗೆ ಇಂಚಿಗೆ 193. ಒತ್ತಕ್ಷರದ ಸುರುಳಿಗಳು ಬಿಡಿಬಿಡಿಯಾಗಿ ಕಾಣಲು ಇಷ್ಟು ಬೇಕು. ಅದೇ ವರ್ಷ ಸ್ಯಾಮ್‌ಸಂಗ್ ತನ್ನ ಚಿಕ್ಕ ಟ್ಯಾಬ್ಲೆಟನ್ನು ಎ11 ಎಂದು ಹೊಸದಾಗಿ ತಂದಾಗ ಪರದೆಯ ವೇಗ 90 ಹರ್ಟ್ಸ್‌ಗೆ ಏರಿತು, ಪಿಕ್ಸೆಲ್ ಮಾತ್ರ ಹಳೆಯ 1340ಕ್ಕೆ 800ರಲ್ಲೇ ನಿಂತಿತು. ಓದುವವನಿಗೆ ಬೇಕಾದ್ದನ್ನು ಬಿಟ್ಟು, ಜಾಹೀರಾತಿಗೆ ಬೇಕಾದ್ದನ್ನು ಹೆಚ್ಚಿಸಿದಂತಾಯಿತು.

ಪರದೆ ಹಾಗಿರಲಿ, ರೆಡ್ಮಿ ಪ್ಯಾಡ್ ಎಸ್ಇಯ ಸ್ನ್ಯಾಪ್‌ಡ್ರ್ಯಾಗನ್ 680 ಚಿಪ್ ಹಳೆಯ ಕೋರ್‌ಗಳದ್ದು. ಎ9 ಪ್ಲಸ್‌ನ 695 ಅದಕ್ಕಿಂತ ಸ್ಪಷ್ಟವಾಗಿ ಚುರುಕು. ಒಂದೇ ಪುಟ ಓದುವಾಗ ಈ ವ್ಯತ್ಯಾಸ ಗೊತ್ತಾಗದು. ಪರದೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಪಾಠದ ವಿಡಿಯೊ, ಇನ್ನೊಂದು ಕಡೆ ಟಿಪ್ಪಣಿ ಇಟ್ಟುಕೊಂಡಾಗ ಗೊತ್ತಾಗುತ್ತದೆ. ಎಸ್ಇಯ 8000 ಎಂಎಎಚ್ ಬ್ಯಾಟರಿ ತುಂಬುವುದು 10 ವಾಟ್ ವೇಗದಲ್ಲಿ, ಅಂದರೆ ಮೂರು ಗಂಟೆ ಮೀರಿ. ರಾತ್ರಿ ಚಾರ್ಜಿಗೆ ಹಚ್ಚಿಟ್ಟು ಮಲಗುವವರಿಗೆ ಇದೊಂದು ದೋಷವೇ ಅಲ್ಲ. ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ಊರಲ್ಲಿ ದೋಷ.

ನನ್ನನ್ನು ಕೇಳಿದರೆ, ಕನ್ನಡದಲ್ಲಿ ಓದುವ ವಿದ್ಯಾರ್ಥಿಗೆ ಈ ಬೆಲೆಯಲ್ಲಿ ರೆಡ್ಮಿ ಪ್ಯಾಡ್ 2ರ 6 ಜಿಬಿ ಮಾದರಿ ಸರಿ. ಮೊದಲ ದಿನವೇ ಕೂತು ಅದರ ಜೊತೆಗೇ ಬರುವ ಬೇಡದ ಆ್ಯಪ್‌ಗಳನ್ನು ಕಿತ್ತುಹಾಕಬೇಕು. ಕೀಬೋರ್ಡ್ ಜೋಡಿಸಿ ಬರೆಯುವ ಕೆಲಸವೂ ಇದ್ದರೆ ಎ9 ಪ್ಲಸ್. ಅದರ ಡೆಕ್ಸ್ ಸೌಲಭ್ಯದಲ್ಲಿ ಕಿಟಕಿಗಳನ್ನು ಕಂಪ್ಯೂಟರಿನಂತೆ ಹರಡಿಕೊಳ್ಳಬಹುದು. 8.7 ಇಂಚಿನದು ಬಸ್ಸಿನಲ್ಲಿ ಹಾಡು, ಸಿನಿಮಾಕ್ಕೆ ಚೆನ್ನ. ಓದಿಗಲ್ಲ. ಹೆಸರು ಕೇಳರಿಯದ ಕಂಪನಿಗಳ ಆರೇಳು ಸಾವಿರದ ಟ್ಯಾಬ್ಲೆಟ್‌ಗಳನ್ನು ಮಾತ್ರ ಮುಟ್ಟಬೇಡಿ. ಅವುಗಳಲ್ಲಿ ಸುರಕ್ಷತಾ ಅಪ್‌ಡೇಟ್ ಬಂದರೆ ಪುಣ್ಯ. ಎಷ್ಟೋ ಸಲ ಎಚ್‌ಡಿ ವಿಡಿಯೊಗೆ ಬೇಕಾದ ವೈಡ್‌ವೈನ್ ಎಲ್1 ಪ್ರಮಾಣೀಕರಣವೂ ಇರುವುದಿಲ್ಲ, ಹಾಗಾಗಿ ನೆಟ್‌ಫ್ಲಿಕ್ಸ್‌ಗೆ ಪೂರ್ತಿ ಹಣ ಕಟ್ಟಿದರೂ ಮಸುಕು ಚಿತ್ರವೇ ಗತಿ.

ಅಂಗಡಿಗೆ ಹೋಗುವಾಗ ಮೊಬೈಲಿನಲ್ಲಿ ಮಕ್ಕಳ ಸಮಾಜ ವಿಜ್ಞಾನ ಪುಸ್ತಕದ ಪಿಡಿಎಫ್ ಇಟ್ಟುಕೊಂಡಿರಿ. ಹೊಳೆಯುವ ಡೆಮೊ ವಿಡಿಯೊ ನಿಲ್ಲಿಸಿ ಅದನ್ನು ತೆರೆದು ಕೊಡಲು ಹೇಳಿ. ನಡುವಿನ ಒಂದು ಪುಟಕ್ಕೆ ಹಾರಿ, ಹಿಗ್ಗಿಸದೆ ಒಂದು ಪ್ಯಾರಾ ಓದಿ; ಕನ್ನಡಕ ಹಾಕುವ ಅಜ್ಜನೂ ಬಳಸುವವರಾದರೆ ಅವರನ್ನೂ ಕರೆದುಕೊಂಡು ಹೋಗಿ.