ಜಗನ್ನಾಥನ ಕೈ, ಮೂಕಜ್ಜಿಯ ಕೈ

ದೇವರನ್ನು ನಂಬದ ಅಪ್ಪ ಅಮ್ಮಂದಿರಿಗೆ ವರ್ಷಕ್ಕೆ ಆರೇಳು ಸಲವಾದರೂ ಎದುರಾಗುವ ಪ್ರಶ್ನೆಯೊಂದಿದೆ. ಯುಗಾದಿಗೆ ಬಾಗಿಲಿಗೆ ತೋರಣ ಕಟ್ಟಬೇಕೇ? ಚೌತಿಗೆ ಗಣಪತಿಯನ್ನು ತರಬೇಕೇ? ದೀಪಾವಳಿಯ ಎಣ್ಣೆಸ್ನಾನವೇನೋ ಸರಿ, ಆಮೇಲಿನ ಪೂಜೆಗೇನು ಮಾಡುವುದು? ಮಕ್ಕಳಿಲ್ಲದಿದ್ದಾಗ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಹಬ್ಬದ ದಿನ ಮಲಗಿ ಪುಸ್ತಕ ಓದಿದರೆ ಕೇಳುವವರಿಲ್ಲ. ಮಗು ಬೆಳೆಯುತ್ತಿದ್ದ ಹಾಗೆ ಪರಿಸ್ಥಿತಿ ಬದಲಾಗುತ್ತದೆ. ಪಕ್ಕದ ಮನೆಯಿಂದ ಒಬ್ಬಟ್ಟಿನ ಘಮ ಬರುತ್ತದೆ, ಶಾಲೆಯಲ್ಲಿ ಹೊಸ ಬಟ್ಟೆಯ ಮಾತು ನಡೆಯುತ್ತದೆ, ಸಂಜೆ ಮಗು ಬಂದು “ನಮ್ಮನೇಲಿ ಯಾಕಿಲ್ಲ?” ಎಂದು ಕೇಳುತ್ತದೆ.

ಇದಕ್ಕೆ ನಮ್ಮಲ್ಲಿ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ನಂಬಿಕೆಯಿಲ್ಲದೆ ಆಚರಿಸುವುದು ಆಷಾಢಭೂತಿತನ, ಆದ್ದರಿಂದ ಬೇಡ ಎನ್ನುವುದು ಒಂದು. ಹಬ್ಬ ಧರ್ಮಕ್ಕೆ ಸೇರಿದ್ದಲ್ಲ, ಸಂಸ್ಕೃತಿಗೆ ಸೇರಿದ್ದು, ಆದ್ದರಿಂದ ಚಿಂತೆಯಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಹಬ್ಬವನ್ನು ನಂಬಿಕೆಯೊಂದಕ್ಕೇ ಕಟ್ಟಿಹಾಕುತ್ತದೆ. ಎರಡನೆಯದು ಹಬ್ಬದೊಳಗೆ ಮುಜುಗರವಾಗುವಂಥದ್ದು ಏನೂ ಇಲ್ಲವೆಂದು ನಟಿಸುತ್ತದೆ. ಮಗುವಿನ ಪ್ರಶ್ನೆಯನ್ನು ಎರಡೂ ಪೂರ್ತಿ ಕೇಳಿಸಿಕೊಂಡಿಲ್ಲ. ಈ ವಿಷಯದಲ್ಲಿ ನಮ್ಮ ಚರ್ಚೆಗಳಿಗಿಂತ ನಮ್ಮ ಕಾದಂಬರಿಗಳು ಮುಂದೆ ಹೋಗಿವೆ ಎಂದು ನನಗನಿಸುತ್ತದೆ. ಐದು ವರ್ಷಗಳ ಅಂತರದಲ್ಲಿ ಬಂದ ಎರಡು ಕಾದಂಬರಿಗಳಲ್ಲಿ ದೇವರನ್ನು ನಂಬದ, ಅಥವಾ ಲೋಕ ನಂಬುವ ಹಾಗೆ ನಂಬದ, ಇಬ್ಬರು ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿಯುತ್ತಾರೆ. ಆ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ದಾರಿ ಕಾಣಬಹುದು.

ಮೊದಲನೆಯದು ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ದ (1973) ಜಗನ್ನಾಥನ ಕೈ. ಇಂಗ್ಲೆಂಡಿನಿಂದ ಮರಳಿರುವ ಈತನ ಊರು ಮಂಜುನಾಥಸ್ವಾಮಿಯ ಹೆಸರಿನಲ್ಲೇ ಬದುಕುವ ಊರು. ದಲಿತರನ್ನು ದೇವಸ್ಥಾನದೊಳಕ್ಕೆ ಕರೆದೊಯ್ಯಲು ಹೊರಟ ಜಗನ್ನಾಥ, ಅದಕ್ಕೆ ಮುನ್ನ ತನ್ನ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಅವರಿಂದ ಮುಟ್ಟಿಸಲು ನೋಡುತ್ತಾನೆ. ಅದು ಬರಿಯ ಕಲ್ಲೆಂದು ತೋರಿಸುವುದು ಅವನ ಉದ್ದೇಶ. ಆದರೆ ಮುಟ್ಟಬೇಕಾದವರು ನಡುಗುತ್ತಾರೆ. ಅವರ ಹಿಂಜರಿಕೆ ಕಂಡು ಇವನಿಗೆ ಸಿಟ್ಟು ಬರುತ್ತದೆ, ಮುಟ್ಟಿ ಎಂದು ಅಬ್ಬರಿಸುತ್ತಾನೆ. ಬಿಡುಗಡೆ ಮಾಡಲು ಬಂದವನು ಆ ಗಳಿಗೆಯಲ್ಲಿ ಹಳೆಯ ಒಡೆಯನೇ ಆಗಿಬಿಡುತ್ತಾನೆ. ಕಲ್ಲೆಂದು ತೋರಿಸಲು ಇಷ್ಟೊಂದು ಆವೇಶ ಬೇಕಾಯಿತೆಂದರೆ ಅವನ ಕೈಯಲ್ಲೂ ಅದು ಬರಿಯ ಕಲ್ಲಾಗಿರಲಿಲ್ಲ. ಅನಂತಮೂರ್ತಿಯವರು ತಮ್ಮ ನಾಯಕನ ಉದ್ದೇಶವನ್ನು ಗೇಲಿ ಮಾಡುವುದಿಲ್ಲ. ಆ ಉದ್ದೇಶದೊಳಗೆ ಕೂತ ಅಹಂಕಾರವನ್ನು ಮಾತ್ರ ಬಿಡದೆ ನೋಡುತ್ತಾರೆ.

ಹಬ್ಬವನ್ನು ಹಟದಿಂದ ನಿರಾಕರಿಸುವ ಮನೆಯಲ್ಲಿ ನಡೆಯುವುದು ಇದರ ಸಣ್ಣ ರೂಪ. ಊರೆಲ್ಲ ದೀಪ ಹಚ್ಚಿದಾಗ ತನ್ನ ಮನೆ ಮಾತ್ರ ಕತ್ತಲಾಗಿರುವುದನ್ನು ನೋಡುವ ಮಗು ದೇವರಿಲ್ಲ ಎಂಬ ಪಾಠ ಕಲಿಯುವುದಿಲ್ಲ. ಅಪ್ಪನಿಗೆ ದೀಪದ ಮೇಲೆ ಏನೋ ಕೋಪವಿದೆ ಎಂದಷ್ಟೇ ಅದಕ್ಕೆ ತಿಳಿಯುತ್ತದೆ. ಬೇಡವೆಂದದ್ದು ಮಗುವಿನ ಮನಸ್ಸಿನಲ್ಲಿ ಇನ್ನೂ ದೊಡ್ಡದಾಗಿ ಬೆಳೆಯುತ್ತದೆ. ಅಪ್ಪನ ವೈಚಾರಿಕತೆಯನ್ನು ರುಜುವಾತುಪಡಿಸುವ ಕೆಲಸಕ್ಕೆ ಮಗುವನ್ನು ಅಂಗಳದಲ್ಲಿ ನಿಲ್ಲಿಸಿದಂತಾಗುತ್ತದೆ.

ಎರಡನೆಯದು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಅಜ್ಜಿಯ ಕೈ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ಕಾಲದ ವಸ್ತುಗಳನ್ನು ಮೂಕಜ್ಜಿ ಅಂಗೈಯಲ್ಲಿ ಹಿಡಿದಾಗ ಅವುಗಳ ಹಿಂದಿನ ಬದುಕು ಅವಳಿಗೆ ಕಾಣತೊಡಗುತ್ತದೆ. ದೇವರುಗಳು ಹೇಗೆ ಹುಟ್ಟಿದರು, ಹೇಗೆ ಬದಲಾದರು, ಯಾರು ಯಾರನ್ನು ಹಿಂದಕ್ಕೆ ತಳ್ಳಿದರು ಎಂಬುದನ್ನೆಲ್ಲ ಅವಳು ಎಳ್ಳಷ್ಟೂ ಅಂಜದೆ ಹೇಳುತ್ತಾಳೆ. ಸಂಪ್ರದಾಯಸ್ಥರ ಮನಸ್ಸು ನೋಯುವಂಥ ಮಾತುಗಳೂ ಅದರಲ್ಲಿವೆ. ಆದರೂ ನಂಬಿದವರ ಬಗ್ಗೆ ಅವಳಿಗೆ ತಿರಸ್ಕಾರವಿಲ್ಲ. ದೇವರನ್ನು ಕಲ್ಪಿಸಿಕೊಂಡ ಮನುಷ್ಯರ ಹಸಿವು, ಹೆದರಿಕೆ, ಆಸೆಗಳ ಮೇಲೆ ಅವಳಿಗೆ ಅಕ್ಕರೆ. ಜಗನ್ನಾಥನಿಗೆ ಕೈಯಲ್ಲಿರುವುದು ಏನಲ್ಲ ಎಂದು ತೋರಿಸಬೇಕಾಗಿತ್ತು. ಅಜ್ಜಿ ಅದು ಯಾರ್ಯಾರ ಕೈ ದಾಟಿ ಬಂದಿದೆ ಎಂದು ನೋಡುತ್ತಾಳೆ. ದೇವರನ್ನು ನಂಬದ ಮನೆಯ ಹಬ್ಬಕ್ಕೆ ಬೇಕಾದ ಕೈ ಇದು.

ಹಾಗೆ ಹಿಡಿದು ನೋಡಿದರೆ ನಮ್ಮ ಹಬ್ಬಗಳಲ್ಲಿ ಮಗುವಿಗೆ ಹೇಳುವಂಥದ್ದು ಬಹಳ ಸಿಗುತ್ತದೆ. ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಪೈರಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಎಲ್ಲರೂ ಊಟ ಮಾಡುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಕೊಡಗಿನ ಹುತ್ತರಿಯಲ್ಲಿ ಹೊಸ ಭತ್ತದ ಕದಿರು ಮನೆಗೆ ಬರುತ್ತದೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಮಕ್ಕಳು ಮೇರಿಗೆ ಹೂವು ಅರ್ಪಿಸುತ್ತಾರೆ, ಹೊಸ ತೆನೆ ಮನೆಗೆ ಬಂದು ಊಟದ ಜೊತೆ ಸೇರುತ್ತದೆ. ದೇವರ ಹೆಸರು ಬೇರೆ ಬೇರೆಯಾದರೂ ಹೊಸ ಅಕ್ಕಿಯನ್ನು ಕಂಡ ಸಂತೋಷ ಒಂದೇ. ಇದನ್ನು ಮಗುವಿಗೆ ತೋರಿಸಲು ನಂಬಿಕೆ ಬೇಕಿಲ್ಲ, ಅನ್ನ ಎಲ್ಲಿಂದ ಬರುತ್ತದೆಂಬ ತಿಳಿವಳಿಕೆ ಇದ್ದರೆ ಸಾಕು.

ದೀಪಾವಳಿಯ ಬಲಿಪಾಡ್ಯಮಿ ಇನ್ನೂ ಕುತೂಹಲದ್ದು. ಪುರಾಣದ ಕಥೆಯಲ್ಲಿ ಗೆದ್ದವನು ವಾಮನ. ಹಳ್ಳಿಯವರು ಕರೆಯುವುದು ಮಾತ್ರ ಸೋತ ಬಲೀಂದ್ರನನ್ನು. ತುಳುನಾಡಿನಲ್ಲಿ ಗದ್ದೆಯಂಚಿನಲ್ಲಿ ದೀಪ ಹಿಡಿದು ‘ಕೂ’ ಎಂದು ಕೂಗಿ ಅವನನ್ನು ಬರಮಾಡಿಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆಯವರು ಇದೇ ಬಲಿರಾಜನನ್ನು ದುಡಿಯುವವರ ಅರಸನೆಂದು ಎತ್ತಿಹಿಡಿದರು, 1873ರ ‘ಗುಲಾಮ್‌ಗಿರಿ’ಯಲ್ಲಿ ವಾಮನನ ಕಥೆಯನ್ನೇ ಬುಡಮೇಲು ಮಾಡಿದರು. ಒಂದೇ ಕಥೆಯನ್ನು ಗೆದ್ದವನ ಕಡೆಯಿಂದಲೂ ಸೋತವನ ಕಡೆಯಿಂದಲೂ ಹೇಳಬಹುದು ಎಂದು ಎಂಟು ವರ್ಷದ ಮಗುವಿಗೆ ತಿಳಿದರೆ ಅದು ವಿಚಾರವಾದದ ಒಳ್ಳೆಯ ಮೊದಲ ಪಾಠ. ಹಬ್ಬವನ್ನೇ ಬಿಟ್ಟುಬಿಟ್ಟ ಮನೆಯಲ್ಲಿ ಈ ಪಾಠಕ್ಕೆ ಎಡೆಯೇ ಇರುವುದಿಲ್ಲ.

ಇಲ್ಲೊಂದು ಅಡ್ಡದಾರಿಯ ಬಗ್ಗೆ ಎಚ್ಚರಿಸಬೇಕು. ನಂಬಿಕೆ ಬಿಟ್ಟರೂ ಹಬ್ಬ ಬಿಡಲಾಗದ ಓದಿದವರು ಎಲ್ಲದಕ್ಕೂ ವೈಜ್ಞಾನಿಕ ಕಾರಣ ಹುಡುಕುತ್ತಾರೆ. ಬೇವು ಔಷಧಿ, ಅರಿಶಿನ ಕ್ರಿಮಿನಾಶಕ, ತೋರಣ ಗಾಳಿಯನ್ನು ಶುದ್ಧಿ ಮಾಡುತ್ತದೆ, ಹೀಗೆ. ಮಗುವಿಗೆ ಇದು ಪುರಾಣಕ್ಕಿಂತ ಕೆಟ್ಟದ್ದನ್ನು ಕಲಿಸುತ್ತದೆ. ಪುರಾಣ ಕಥೆಯಾಗಿಯೇ ಬರುತ್ತದೆ, ಇದು ವಿಜ್ಞಾನದ ವೇಷ ಹಾಕಿಕೊಂಡು ಬರುತ್ತದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ಪವಾಡಕ್ಕೆ ಸಬೂಬು ಹುಡುಕುವುದಕ್ಕಲ್ಲ, ಪರೀಕ್ಷಿಸುವುದಕ್ಕೆ. ಬೇವು ಬೆಲ್ಲವನ್ನು ಕಹಿ ಸಿಹಿ ಎರಡೂ ಇರಲಿ ಎಂಬ ಮಾತಾಗಿ ಕೊಟ್ಟರೆ ಸಾಕು. ಅದಕ್ಕೆ ಔಷಧಿ ಅಂಗಡಿಯ ಚೀಟಿ ಅಂಟಿಸಬೇಕಾಗಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ಹಬ್ಬದ ಪರವಾಗಿ. ಈಗ ‘ಸಂಸ್ಕೃತಿ’ ಎಂಬ ಎರಡನೆಯ ಉತ್ತರವನ್ನು ನೋಡೋಣ. ಮೂಕಜ್ಜಿಯೇ ಇದಕ್ಕೆ ತಕರಾರು ತೆಗೆಯುತ್ತಾಳೆ, ಮಾತಿನಿಂದಲ್ಲ, ತಾನು ಇರುವ ಸ್ಥಿತಿಯಿಂದ. ಅವಳು ಬಾಲವಿಧವೆ. ಗೌರಿ ಹಬ್ಬದ ಬಾಗಿನ, ಅರಿಶಿನ ಕುಂಕುಮದ ಸಾಲಿನಲ್ಲಿ ಅಂಥವಳಿಗೆ ಜಾಗವಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಗಂಡ ತೀರಿಹೋದ ಅತ್ತೆಯೋ ಚಿಕ್ಕಮ್ಮನೋ ಹಬ್ಬದ ಬೆಳಿಗ್ಗೆ ತಾವಾಗಿಯೇ ಅಡುಗೆಮನೆಗೆ ಸರಿದುಬಿಡುತ್ತಾರೆ. ಹಿಂದಿನ ವರ್ಷದವರೆಗೆ ಹೂ ಬುಟ್ಟಿ ಹಿಡಿದು ಓಡಾಡುತ್ತಿದ್ದ ಹುಡುಗಿ, ಮೈನೆರೆದ ಮೇಲೆ ಒಂದು ಹಬ್ಬದಲ್ಲಿ ಏಕಾಏಕಿ ‘ಹೊರಗೆ’ ಕೂರುತ್ತಾಳೆ. ಮನೆಗೆಲಸದವಳಿಗೆ ಒಬ್ಬಟ್ಟು ಹಿತ್ತಿಲ ಬಾಗಿಲಲ್ಲಿ ಸಿಗುತ್ತದೆ. ಇದೂ ಸಂಸ್ಕೃತಿಯೇ. ದೇವರನ್ನು ನಂಬದ ತಂದೆ ‘ಸುಮ್ಮನೆ ಸಂಸ್ಕೃತಿ’ ಎಂದು ಇದರ ಪಕ್ಕದಲ್ಲೇ ಕೂತು ಊಟ ಮಾಡಿದರೆ ಅವನ ನಾಸ್ತಿಕತೆಗೆ ಬೆಲೆಯೇನು? ಹೆಚ್ಚಿನ ಮನೆಗಳಲ್ಲಿ ಆ ನಾಸ್ತಿಕತೆಗೆ ಬಿಡುವು ಸಿಕ್ಕಿರುವುದೂ ಹೆಂಡತಿಯೋ ತಾಯಿಯೋ ನಸುಕಿಗೆ ಎದ್ದು ಹೂರಣ ರುಬ್ಬಿದ್ದರಿಂದ. ಪೂಜೆಗೆ ಕೂರುವುದಿಲ್ಲ ಎನ್ನುವ ಗಂಡಸು ಪಾತ್ರೆ ತೊಳೆಯುತ್ತಾನೆಯೇ ಎಂಬುದನ್ನು ಮಗು ಗಮನಿಸುತ್ತಿರುತ್ತದೆ.

ಆದ್ದರಿಂದ ‘ನಾನು ಇದನ್ನು ನಂಬುತ್ತೇನೆಯೇ’ ಎಂದು ಕೇಳಿಕೊಳ್ಳುವುದಕ್ಕಿಂತ ಈ ಹಬ್ಬದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ಕೇಳಿಕೊಳ್ಳುವುದು ಮುಖ್ಯ. ಹೊರಗಿರುವವರನ್ನು ಒಳಗೆ ಕರೆಯಲು ಬರುವ ಹಬ್ಬವನ್ನು ಉಳಿಸಿಕೊಳ್ಳಬಹುದು. ಹೊರಗಿಡುವುದರಿಂದಲೇ ಬದುಕಿರುವ ಆಚರಣೆಯನ್ನು ಮಗುವಿನ ಎದುರಿಗೇ, ಕಾರಣ ಹೇಳಿ ಕೈಬಿಡಬೇಕು. ಜಗನ್ನಾಥ ದೊಡ್ಡ ಗುಡಿಯ ಬಾಗಿಲ ಮುಂದೆ ಮಾಡಲು ಹೋದದ್ದನ್ನು ನಾವು ನಮ್ಮ ಊಟದ ಪಂಕ್ತಿಯಲ್ಲಿ ಸದ್ದಿಲ್ಲದೆ ಮಾಡಬಹುದು.

ಹಬ್ಬವನ್ನು ಹೀಗೆ ತಿದ್ದುವುದು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಲುನಾಗರನ ಪೂಜೆಯನ್ನು ಟೀಕಿಸಿದರು. ಇಂದು ರಾಜ್ಯದ ಹಲವೆಡೆ ನಾಗರಪಂಚಮಿಯನ್ನು ಬಸವ ಪಂಚಮಿಯೆಂದು ಕರೆದು ಮಕ್ಕಳಿಗೆ ಹಾಲು ಕೊಡುತ್ತಾರೆ. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಗೆ ‘ಮಂತ್ರಮಾಂಗಲ್ಯ’ವನ್ನು ರೂಪಿಸಿದರು. ಕುವೆಂಪು ನಾಸ್ತಿಕರಲ್ಲ, ರಾಮಕೃಷ್ಣ ಪರಮಹಂಸರ ಭಕ್ತರು. ಪುರೋಹಿತರನ್ನೂ ಆಡಂಬರವನ್ನೂ ತೆಗೆದುಹಾಕಿದ ಅವರು ಮಂತ್ರವನ್ನು ಮಾತ್ರ ಬಿಡಲಿಲ್ಲ, ಅರ್ಥ ಗೊತ್ತಾಗುವಂತೆ ಕನ್ನಡಕ್ಕೆ ತಂದರು. ಆಚರಣೆಯಿಲ್ಲದೆ ಮನುಷ್ಯರು ಒಂದು ದಿನವನ್ನು ಇನ್ನೊಂದರಿಂದ ಬೇರೆ ಮಾಡಲಾರರೆಂದು ಅವರಿಗೆ ತಿಳಿದಿತ್ತು. ಮದುವೆಗೆ ಅವರು ಮಾಡಿಕೊಟ್ಟದ್ದನ್ನು ಹಬ್ಬಗಳಿಗೆ ಮಾಡಿಕೊಳ್ಳುವ ಕೆಲಸ ಪ್ರತಿ ಮನೆಯ ಪಾಲಿಗೆ ಉಳಿದಿದೆ.

ಪೂರ್ತಿ ಬಿಟ್ಟು ನಡೆದವರ ದಾರಿಯನ್ನೂ ಇಲ್ಲಿ ಗೌರವದಿಂದ ನೋಡಬೇಕು. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದಾಗ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಗೌರಿ ಗಣಪತಿಯನ್ನು ಪೂಜಿಸುವುದಿಲ್ಲ ಎಂಬುದೂ ಒಂದು. ತಮ್ಮನ್ನು ಹೊರಗಿಟ್ಟ ಹಬ್ಬವನ್ನು ಬಿಡುವುದು ಆ ಮನೆಗಳಿಗೆ ನಷ್ಟವಲ್ಲ, ಬಿಡುಗಡೆ. ಒಳಗೇ ಇದ್ದು ಅನುಭವಿಸಿದವರು ಅದನ್ನು ಹಟವೆಂದು ಕರೆಯುವುದು ಸಲ್ಲದು. ಆದರೆ ಅಂಬೇಡ್ಕರ್ ಆರಿಸಿಕೊಂಡ ಆ ದಿನ ವಿಜಯದಶಮಿ ಎಂಬುದನ್ನೂ ಮರೆಯಬಾರದು. ಹಳೆಯ ದಿನಕ್ಕೆ ಅವರು ಹೊಸ ಅರ್ಥ ಕೊಟ್ಟರು. ಇಂದು ಏಪ್ರಿಲ್ 14ಕ್ಕೆ, ಬುದ್ಧ ಪೂರ್ಣಿಮೆಗೆ ಹೊಸ ಬಟ್ಟೆ ತೊಟ್ಟು ಹೊರಡುವ ಮಕ್ಕಳಿಗೆ ಹಬ್ಬವಿಲ್ಲವೆಂದು ಯಾರು ಹೇಳಬಲ್ಲರು?

ಕೊನೆಗೂ ಒಂದು ಆಕ್ಷೇಪ ಉಳಿಯುತ್ತದೆ. ಕೈ ಮುಗಿಯುವ ಅಭ್ಯಾಸ ಮೊದಲು ಬರುತ್ತದೆ, ಯೋಚನೆ ಆಮೇಲೆ. ಏನೇ ವಿವರಿಸಿದರೂ ಮಗು ನಂಬಿಬಿಡಬಹುದಲ್ಲ? ನಂಬಬಹುದು. ಎ.ಎನ್. ಮೂರ್ತಿರಾಯರು ತೊಂಬತ್ತರ ಆಸುಪಾಸಿನಲ್ಲಿ ‘ದೇವರು’ (1991) ಎಂಬ ಪುಸ್ತಕ ಬರೆದು, ತಾವೇಕೆ ದೇವರನ್ನು ನಂಬುವುದಿಲ್ಲವೆಂದು ನಿಧಾನವಾಗಿ, ನಂಬಿದವರನ್ನು ಹೀಯಾಳಿಸದೆ ಹೇಳಿದರು. ಒಬ್ಬ ಮನುಷ್ಯನಿಗೆ ತನ್ನ ನಿಲುವನ್ನು ಬಿಡಿಸಿ ಹೇಳಲು ಅಷ್ಟು ಕಾಲ ಹಿಡಿಯಬಹುದಾದರೆ, ಮಗುವಿನ ತೀರ್ಮಾನ ಈ ದೀಪಾವಳಿಯೊಳಗೆ ಆಗಬೇಕೆಂದು ಅವಸರಪಡುವುದು ಸರಿಯಲ್ಲ. ಅಪ್ಪ ಅಮ್ಮನ ಹೊಣೆ ಇಷ್ಟೇ: ಕಥೆಯನ್ನು ಕಥೆಯೆಂದೇ ಹೇಳುವುದು, ನೀವು ನಂಬುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುವುದು, ಯಾರನ್ನೂ ಹೊರಗೆ ಕೂರಿಸದಿರುವುದು. ಇಷ್ಟಾದ ಮೇಲೂ ಮಗಳು ದೀಪದ ಮುಂದೆ ಕಣ್ಣುಮುಚ್ಚಿ ನಿಜವಾಗಿಯೇ ಏನನ್ನೋ ಬೇಡಿಕೊಂಡರೆ, ಪಕ್ಕದಲ್ಲಿ ಸುಮ್ಮನೆ ನಿಲ್ಲಲು ಬರಬೇಕು. ಜಗನ್ನಾಥನಿಗೆ ಆಗದಿದ್ದದ್ದು ಅದೇ.