ಮಧುಚಂದ್ರಕ್ಕೆ ಮೊದಲು ನಕ್ಷೆ, ಆಮೇಲೆ ಹೋಟೆಲು

ಪರಿಸರಸ್ನೇಹಿ ಮಧುಚಂದ್ರ ಎಂದೊಡನೆ ನವದಂಪತಿಗಳು ಹುಡುಕುವುದು ಬಿದಿರಿನ ಗುಡಿಸಲು, ಕಾಗದದ ಸ್ಟ್ರಾ ಇರುವ ರೆಸಾರ್ಟನ್ನು. ಲೆಕ್ಕ ತಪ್ಪುವುದು ಇಲ್ಲೇ. ದೂರದ ಪ್ರವಾಸ ಉಗುಳುವ ಇಂಗಾಲದಲ್ಲಿ ಸಿಂಹಪಾಲು ವಿಮಾನದ್ದು. ಕೋಸ್ಟರಿಕವನ್ನೇ ನೋಡಿ. ಅಲ್ಲಿನ ವಿದ್ಯುತ್ತಿನ ಬಹುಪಾಲು ನೀರು, ಗಾಳಿ, ಭೂಶಾಖದಿಂದ ಬರುತ್ತದೆ. 1996ರ ಅರಣ್ಯ ಕಾಯ್ದೆಯ ಪ್ರಕಾರ ಕಾಡು ಉಳಿಸಿಕೊಂಡ ಭೂಮಾಲೀಕನಿಗೆ ಹಣ ಸಿಗುತ್ತದೆ. ಆದರೆ ಬೆಂಗಳೂರಿನಿಂದ ಅದು 15 ಸಾವಿರ ಕಿ.ಮೀ.ಗೂ ಆಚೆ. ಅಷ್ಟು ದೂರ ಹಾರಿಹೋಗಿ ವಾರವಿಡೀ ಸ್ಟ್ರಾ ಇಲ್ಲದೆ ಎಳನೀರು ಕುಡಿದರೂ ಇಂಗಾಲದ ಸಾಲ ತೀರದು. ಬಾಲಿ ಸುಮಾರು 4,800 ಕಿ.ಮೀ., ಕೊಲಂಬೊ ಬರೀ 700. ಹತ್ತಿರದ ಹಾರಾಟದಲ್ಲಿ ಕಿಲೋಮೀಟರಿಗೆ ಇಂಧನ ಹೆಚ್ಚು ಸುಡುತ್ತದೆ ಎಂಬ ಆಕ್ಷೇಪ ನಿಜವೇ. ಮೇಲೇರುವಾಗಲೇ ಹೆಚ್ಚು ಖರ್ಚು. ಆದರೂ ದೂರ ಆರೇಳು ಪಟ್ಟು ಇಳಿದಾಗ ಒಟ್ಟು ಲೆಕ್ಕ ಇಳಿಯಲೇಬೇಕು. ಹಾಗಾದರೆ ಗೋಕರ್ಣವೇ ಸಾಲದೆ? ಧಾರಾಳವಾಗಿ ಸಾಕು. ಪಾಸ್‌ಪೋರ್ಟಿಗೆ ಠಸ್ಸೆ ಬೀಳಲೇಬೇಕು ಎನ್ನುವವರಿಗೆ ಶ್ರೀಲಂಕೆಯ ಮಾತು.

ಶ್ರೀಲಂಕೆಯೇನೂ ಸಂತನಲ್ಲ. ಯಾಲಾ ಕಾಡಿನಲ್ಲಿ ಒಂದು ಚಿರತೆ ಕಂಡರೆ ಸಾಕು, ಸುತ್ತ ಜೀಪುಗಳ ಜಾತ್ರೆ. ಆದ್ದರಿಂದ ಎಲ್ಲಿಗೆ, ಯಾವಾಗ ಎಂಬುದೂ ಮುಖ್ಯ. ನಮ್ಮ ಮದುವೆಗಳು ಏಪ್ರಿಲ್, ಮೇನಲ್ಲಿ ಮುಗಿಬೀಳುತ್ತವೆ. ಮೇ ಹೊತ್ತಿಗೆ ದ್ವೀಪದ ನೈರುತ್ಯ ಕರಾವಳಿಗೆ ಮುಂಗಾರು ಬಂದಿರುತ್ತದೆ. ಮಳೆಯಲ್ಲಿ ಕಡಲಿಗಿಳಿಯಲಾಗದವರು ಬೇಸರ ಕಳೆಯಲು ದಿನಕ್ಕೊಂದು ಊರಿಗೆ ಕಾರು ಓಡಿಸುತ್ತಾರೆ. ಆಗ ಹೋಗಬೇಕಾದದ್ದು ಪೂರ್ವಕ್ಕೆ, ಟ್ರಿಂಕೋಮಲಿಯ ಕಡೆ. ಅಲ್ಲಿನ ಕಡಲು ಆಗ ಶಾಂತ. ದಾರಿಯಲ್ಲಿ ದಂಬುಲ್ಲದ ಬಳಿ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕಟ್ಟಿದ ಕಂದಲಾಮ ಹೋಟೆಲ್ಲಿದೆ. ಪಕ್ಕದ ಕೆರೆ ಕೆಡುತ್ತದೆಂದು ಪ್ರತಿಭಟನೆ ಎದುರಿಸಿಯೇ 1990ರ ದಶಕದಲ್ಲಿ ಎದ್ದ ಕಟ್ಟಡ ಅದು. ಬಾವಾ ಬಂಡೆ ಒಡೆಯಲಿಲ್ಲ; ಗುಡ್ಡಕ್ಕೆ ಅಂಟಿಕೊಂಡಂತೆ ಕಂಬಗಳ ಮೇಲೆ ನಿಲ್ಲಿಸಿದರು. ಮಳೆನೀರು ಅದರ ಕೆಳಗೇ ಹರಿದು ಕೆರೆ ಸೇರುತ್ತದೆ. ಈಗ ಬಳ್ಳಿಗಳು ಮುಂಭಾಗವನ್ನೆಲ್ಲ ಮುಚ್ಚಿವೆ, ಮಂಗಗಳು ಕಿಟಕಿಯಾಚೆಯಿಂದ ಕೋಣೆಯೊಳಗೆ ಇಣುಕುತ್ತವೆ. ಹಸಿರು ಕಟ್ಟಡ ಎಂಬ ಬೋರ್ಡಿಗಿಂತ ಈ ಬಳ್ಳಿಯನ್ನು ನಾನು ನಂಬುತ್ತೇನೆ.

ಕಡಲಲ್ಲಿ ನಿಮ್ಮ ಕಾಲೇ ವಿಮಾನಕ್ಕಿಂತ ಅಪಾಯಕಾರಿ. ಟ್ರಿಂಕೋಮಲಿ ಬಳಿಯ ನಿಲಾವೆಲಿಯೆದುರಿನ ಪಿಜನ್ ದ್ವೀಪದಲ್ಲಿ ಹವಳ ದಡಕ್ಕೆ ತೀರಾ ಹತ್ತಿರ. ಉಸಿರು ಕಟ್ಟಿದ ಸ್ನಾರ್ಕೆಲ್‌ಗಾರ ಥಟ್ಟನೆ ಎದ್ದು ನಿಲ್ಲುವುದು ಜೀವಂತ ಹವಳದ ಮೇಲೆಯೇ. ಮುರಿದ ಕೊಂಬೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಈಜು ಬಾರದಿದ್ದರೆ ದಡದಲ್ಲೇ ಕೂತು ನೋಡಿ.

ಬಾಳಿನಲ್ಲಿ ಒಮ್ಮೆ ಬರುವ ಸಂಭ್ರಮಕ್ಕೂ ಇಂಥ ಜಿಪುಣತನವೇ ಎನ್ನುವವರುಂಟು. ಹತ್ತಿರದ ಊರಿಗೆ ಹೋದರೆ ವಿಮಾನದಲ್ಲಿ, ನಿಲ್ದಾಣದಲ್ಲಿ ಕಳೆಯುವ ಎರಡು ದಿನ ಜೋಡಿಗೇ ಉಳಿಯುತ್ತದೆ, ಜಿಪುಣತನ ಯಾವುದೋ! ವಿಮಾನ ಒಂದೇ, ಊರು ಎರಡೇ ಎಂದು ಏಜೆಂಟರಿಗೆ ಖಚಿತವಾಗಿ ಹೇಳಿ. ಮೇ ಕೊನೆಯಲ್ಲಿ ಮುಂಗಾರಿಗೆ ಸಿಕ್ಕ ಕರಾವಳಿಯ ಮಿರಿಸ್ಸ ತೋರಿಸುತ್ತೇನೆ ಎಂದರೆ ಬೇರೆ ಏಜೆಂಟರನ್ನು ಹುಡುಕಿ.